ಸೂರ್ಯನನ್ನು ಅನುಸರಿಸುವ ಸೌರಫಲಕ: ಒಂದು ಸರಳ ರಚನೆ

ಸೌರಫಲಕಗಳು ಇಂದು ನಮ್ಮ ಊರುಗಳ ಮಾಳಿಗೆಗಳ ಮೇಲೆ ಸಾಮಾನ್ಯ ದೃಶ್ಯವಾಗಿವೆ. ಅವುಗಳಲ್ಲಿ ಬಹುಪಾಲು ಒಂದೇ ದಿಕ್ಕಿಗೆ ಮುಖಮಾಡಿ ನಿಂತಿರುತ್ತವೆ. ಸೂರ್ಯನಾದರೋ ಗಂಟೆಗೆ 15 ಡಿಗ್ರಿಯಂತೆ ಪಶ್ಚಿಮಕ್ಕೆ ಸಾಗುತ್ತಿರುತ್ತಾನೆ. ಫಲಕವೂ ಅವನೊಡನೆ ತಿರುಗಿದರೆ ಲಾಭವೆಷ್ಟು, ಅದಕ್ಕೆ ತಗಲುವ ವೆಚ್ಚ ಸಾರ್ಥಕವೇ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ತಾವೇ ಕಟ್ಟಿ, ಅಳೆದು ನಿರ್ಣಯಿಸಬಹುದು. ಅದರ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ತತ್ತ್ವ

ಫಲಕದ ಮೇಲೆ ಬೀಳುವ ನೇರ ಬಿಸಿಲು ಪತನಕೋನದ ಕೊಸೈನಿಗೆ ಅನುಗುಣವಾಗಿರುತ್ತದೆ. ಕಿರಣಗಳು ಲಂಬವಾಗಿ ಬಿದ್ದಾಗ ಪೂರ್ಣ ಫಲ. 30 ಡಿಗ್ರಿ ಓರೆಯಾದರೆ ಶೇ. 87, 60 ಡಿಗ್ರಿಯಾದರೆ ಅರ್ಧ ಮಾತ್ರ. ಹಗಲು ರಾತ್ರಿಗಳು ಸಮನಾಗಿರುವ ವಿಷುವದ ದಿನಗಳಲ್ಲಿ, ನಡುಹಗಲಿಗೆ ನಾಲ್ಕು ಗಂಟೆ ಮುಂಚೆಯೂ ನಾಲ್ಕು ಗಂಟೆ ತರುವಾಯವೂ ಸ್ಥಿರಫಲಕದ ಪತನಕೋನ ಈ 60 ಡಿಗ್ರಿಯನ್ನು ಮುಟ್ಟುತ್ತದೆ.

ತಿರುಗುವ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿರಿಸಬೇಕು. ಎಂದರೆ ಅದರ ಉತ್ತರದ ತುದಿಯನ್ನು ಊರಿನ ಅಕ್ಷಾಂಶದಷ್ಟು ಮೇಲೆತ್ತಬೇಕು: ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಧಾರವಾಡದಲ್ಲಿ 15.5, ಬೀದರಿನಲ್ಲಿ 18. ಉತ್ತರಾಯಣ ದಕ್ಷಿಣಾಯನಗಳಲ್ಲಿ ಸೂರ್ಯನು ಹೆಚ್ಚೆಂದರೆ 23.5 ಡಿಗ್ರಿ ಸರಿಯುವುದರಿಂದ ಆಗುವ ನಷ್ಟ ಹೆಚ್ಚೆಂದರೆ ಸುಮಾರು ಶೇ. 8. ಆದಕಾರಣ ಒಂದೇ ಅಕ್ಷವು ಸಾಕು.

ರಚನೆ

ಹತ್ತು ವಾಟಿನ ಚಿಕ್ಕ ಫಲಕವನ್ನು ಎರಡು ಬೇರಿಂಗುಗಳ ನಡುವಣ ಕಬ್ಬಿಣದ ಸರಳಿಗೆ ಬಿಗಿಯಿರಿ. ನಿಧಾನವಾಗಿ ತಿರುಗುವ 12 ವೋಲ್ಟಿನ ಮೋಟಾರನ್ನು ವರ್ಮ್ ಗೇರಿನ ಮೂಲಕ ಜೋಡಿಸಿದರೆ, ಮೋಟಾರು ನಿಂತಾಗಲೂ ಗಾಳಿಯು ಫಲಕವನ್ನು ತಿರುಗಿಸಲಾರದು.

ಯಂತ್ರದ ಕಣ್ಣುಗಳೆಂದರೆ ಎರಡು ಎಲ್.ಡಿ.ಆರ್.ಗಳು, ಬೆಳಕು ಹೆಚ್ಚಿದಂತೆ ಇವುಗಳ ವಿದ್ಯುದ್ರೋಧ ಇಳಿಯುತ್ತದೆ. ಒಂದೇ ಬೆಳಕಿನಲ್ಲಿ ಒಂದೇ ರೋಧ ತೋರುವ ಜೋಡಿಯನ್ನು ಅಳೆದು ಆರಿಸಿ, ಫಲಕದ ಮೇಲೆ ಲಂಬವಾಗಿ ನಿಲ್ಲಿಸಿದ ಕಪ್ಪು ತಗಡಿನ ಇಕ್ಕೆಲಗಳಲ್ಲಿ ಇರಿಸಬೇಕು. ಸೂರ್ಯನು ಪಶ್ಚಿಮಕ್ಕೆ ಸರಿದೊಡನೆ ತಗಡಿನ ನೆರಳು ಪೂರ್ವದ ಕಣ್ಣಿನ ಮೇಲೆ ಬೀಳುತ್ತದೆ. ಸರಣಿಯಲ್ಲಿ ಜೋಡಿಸಿದ ಇವೆರಡರ ನಡುವಣ ಬಿಂದುವಿನಲ್ಲಿ ಅಲ್ಲಿಯವರೆಗೆ ಅರ್ಧದಷ್ಟಿದ್ದ ವೋಲ್ಟೇಜು ಬದಲಾಗುತ್ತದೆ. ಎಲ್.ಎಂ. 358 ಮಾದರಿಯ ತೌಲನಿಕ ಮಂಡಲವು ಇದನ್ನು ಗುರುತಿಸಿ, ಟ್ರಾನ್ಸಿಸ್ಟರುಗಳ ಮೂಲಕ ಮೋಟಾರನ್ನು ಪಶ್ಚಿಮಕ್ಕೆ ತಿರುಗಿಸುತ್ತದೆ. ಎರಡು ಕಣ್ಣುಗಳೂ ಸಮವಾದಾಗ ಮೋಟಾರು ನಿಲ್ಲುತ್ತದೆ.

ಮೂರು ಎಚ್ಚರಿಕೆಗಳು ಅವಶ್ಯ. ಅತ್ಯಲ್ಪ ವ್ಯತ್ಯಾಸಕ್ಕೆ ಮೋಟಾರು ಚಲಿಸದಂತೆ ಮಂಡಲದಲ್ಲಿ ತುಸು ಅವಕಾಶವಿರಬೇಕು. ಇಲ್ಲದಿದ್ದರೆ ಫಲಕವು ಅತ್ತಿತ್ತ ತೂಗಾಡುತ್ತಲೇ ಇರುತ್ತದೆ. ಎರಡೂ ಕೊನೆಗಳಲ್ಲಿ ಮಿತಿಸ್ವಿಚ್ಚುಗಳಿರಬೇಕು. ಸಂಜೆ ಪಶ್ಚಿಮಕ್ಕೆ ಮುಖಮಾಡಿ ನಿಂತ ಫಲಕಕ್ಕೆ ಮರುದಿನದ ಸೂರ್ಯೋದಯವು ಬೆನ್ನಿನ ಕಡೆ ಆಗುವುದರಿಂದ, ಹಿಂಬದಿಯಲ್ಲಿ ಮೂರನೆಯ ಎಲ್.ಡಿ.ಆರ್. ಇಟ್ಟು ಅದರಿಂದ ಫಲಕವನ್ನು ಪೂರ್ವಕ್ಕೆ ಮರಳಿಸಬೇಕು.

ಲಾಭ ನಷ್ಟಗಳ ವಿವೇಚನೆ

ನಿರ್ಮಲ ಆಕಾಶದ ಪ್ರದೇಶಗಳಲ್ಲಿ ಒಂದಕ್ಷದ ಅನುಸರಣೆಯಿಂದ ಸಾಮಾನ್ಯವಾಗಿ ಶೇ. 15ರಿಂದ 30ರಷ್ಟು ಹೆಚ್ಚು ವಿದ್ಯುತ್ತು ದೊರೆಯುತ್ತದೆ. ಮಳೆಗಾಲದ ಮೋಡದಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಚದುರಿ ಬರುವುದರಿಂದ ಲಾಭ ಅತ್ಯಲ್ಪ. 2010ರ ನಂತರ ಫಲಕಗಳ ಬೆಲೆ ಬಹುವಾಗಿ ಇಳಿದಿರುವುದರಿಂದ, ಚಿಕ್ಕ ಮಾಳಿಗೆಗೆ ತಿರುಗುವ ಯಂತ್ರಕ್ಕಿಂತ ಇನ್ನೊಂದು ಸ್ಥಿರಫಲಕವನ್ನು ಕೊಳ್ಳುವುದೇ ಅಗ್ಗ. ಅದಕ್ಕೆ ಸವೆಯುವ ಗೇರಿಲ್ಲ, ಕೆಡುವ ಮೋಟಾರಿಲ್ಲ.

ಹಾಗಾದರೆ ಇದನ್ನು ಕಟ್ಟುವುದೇಕೆ? ಅಳತೆಯ ಪಾಠಕ್ಕಾಗಿ. ಅಷ್ಟೇ ಓರೆಯಲ್ಲಿ ದಕ್ಷಿಣಕ್ಕೆ ಮುಖಮಾಡಿದ ಇನ್ನೊಂದು ಸಮಾನ ಫಲಕವನ್ನು ಪಕ್ಕದಲ್ಲಿ ಸ್ಥಿರವಾಗಿರಿಸಿ, ಬೆಳಗಿನ ಎಂಟರಿಂದ ಸಂಜೆ ಐದರವರೆಗೆ ಅರ್ಧ ಗಂಟೆಗೊಮ್ಮೆ ಎರಡರ ಹ್ರಸ್ವಮಂಡಲ ಪ್ರವಾಹವನ್ನೂ ಅಮ್ಮೀಟರಿನಿಂದ ಅಳೆಯಿರಿ. ಆ ಪ್ರವಾಹವು ಬೆಳಕಿಗೆ ಅನುಗುಣವಾಗಿರುತ್ತದೆ. ನಕ್ಷೆಯಲ್ಲಿ ಸ್ಥಿರಫಲಕದ ರೇಖೆ ಗುಡ್ಡದಂತೆಯೂ, ತಿರುಗುವ ಫಲಕದ್ದು ಪ್ರಸ್ಥಭೂಮಿಯಂತೆಯೂ ತೋರುವುದು. ಮೋಟಾರು ಬಳಸಿದ ವಿದ್ಯುತ್ತನ್ನೂ ಅಳೆದು ಖರ್ಚಿಗೆ ಬರೆಯುವುದನ್ನು ಮರೆಯಬಾರದು.

ಆದುದರಿಂದ ಶಾಲೆಯ ಮಾಳಿಗೆಗೆ ಫಲಕಗಳನ್ನು ನೀಡಬಯಸುವ ದಾನಿಗಳು ಸ್ಥಿರಫಲಕಗಳನ್ನೇ ನೀಡಲಿ. ಹಳೆಯ ವಿದ್ಯಾರ್ಥಿಗಳು ಪ್ರಯೋಗಶಾಲೆಗೆ ಎರಡು ಚಿಕ್ಕ ಫಲಕ, ಒಂದು ಮೋಟಾರು, ಒಂದು ಅಮ್ಮೀಟರು ಒದಗಿಸಲಿ. ಮೊದಲನೆಯದು ಕಟ್ಟಡಕ್ಕೆ ಬೆಳಕು ನೀಡುವುದು. ಎರಡನೆಯದು, ಹೊಸ ಯಂತ್ರವೊಂದನ್ನು ಕಂಡೊಡನೆ ಮೆಚ್ಚುವ ಮುನ್ನ ಅಳೆದು ನೋಡುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದು.