ಗೆದ್ದಲಿಗೆ ಬಿಳಿಗಾರ: ಮರದೊಳಗೆ ಮದ್ದು ಇಳಿಯಲಿ, ಮಣ್ಣಿನ ದಾರಿ ಮುಚ್ಚಲಿ

ಮುಂಗಾರು ಹತ್ತಿರವಾದಂತೆ ಗೆದ್ದಲಿನ ಪತ್ರಗಳೂ ಹೆಚ್ಚುತ್ತವೆ. ಈ ಸಲ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕಿನಿಂದ ಬಂದಿವೆ. ಬಹುತೇಕ ಎಲ್ಲರೂ ಬೋರಾಕ್ಸ್ ಬಗ್ಗೆಯೇ ಕೇಳಿದ್ದಾರೆ.

ಪ್ರಶ್ನೆ: ಹೊಸ ಮನೆ ಕಟ್ಟಿಸುತ್ತಿದ್ದೇವೆ. ನಮ್ಮ ತೋಟದ ಸಿಲ್ವರ್ ಓಕ್, ಹೆಬ್ಬೇವು ಕೊಯ್ಸಿ ಕಿಟಕಿ, ಬಾಗಿಲ ಚೌಕಟ್ಟು ಮಾಡಿಸೋ ಯೋಚನೆ. ‘ಬೋರಾಕ್ಸ್ ಹೊಡೆದುಬಿಡಿ, ಗೆದ್ದಲು ಮುಟ್ಟಲ್ಲ’ ಅಂತಾರೆ ಬಡಗಿ. ಹೇಗೆ ಕಲಸೋದು ಸರ್?
— ಒಬ್ಬ ರೈತರು, ನೆಲಮಂಗಲ

ಉತ್ತರ: ನಿಮ್ಮ ಬಡಗಿ ಒಳ್ಳೆಯ ಮಾತನ್ನೇ ಹೇಳಿದ್ದಾರೆ. ಬೋರಾಕ್ಸ್ ಎಂದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಅದರ ಜೊತೆಗೆ ಬೋರಿಕ್ ಆಮ್ಲವೂ ಬೇಕು; ಕೇರಂ ಬೋರ್ಡಿನ ಮೇಲೆ ಉದುರಿಸುತ್ತಿದ್ದ ಬಿಳಿ ಪುಡಿ ಅದೇ. ಎರಡನ್ನೂ ಸೇರಿಸಿದರೆ ಬಿಡಿಬಿಡಿಯಾಗಿ ಕರಗುವುದಕ್ಕಿಂತ ಚೆನ್ನಾಗಿ ಕರಗುತ್ತವೆ. 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಮ್ಲ ಹಾಕಿ, ತಿಳಿಯಾಗುವವರೆಗೆ ಕಲಕಿ. ಪ್ಲಾಸ್ಟಿಕ್ ಬಕೆಟ್ ಸಾಕು. ಅಡುಗೆ ಪಾತ್ರೆ ಬೇಡ.

ಹೊಡೆಯುವ ಹೊತ್ತೂ ಮುಖ್ಯ. ಹೊಸದಾಗಿ ಕೊಯ್ದ ಹಸಿ ಹಲಗೆಯಲ್ಲಿ ಈ ಉಪ್ಪು ತೇವದ ಜೊತೆ ತಾನಾಗಿಯೇ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಕೊಯ್ಸಿದ ಕೂಡಲೇ ದ್ರಾವಣದಲ್ಲಿ ಅದ್ದಿ, ಒಂದರ ಮೇಲೊಂದು ಜೋಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಕೆಲವು ವಾರ ಬಿಡಿ. ಆಮೇಲೆ ನೆರಳಲ್ಲಿ ಒಣಗಿಸಿ. ಒಣಗಿದ ಮರಕ್ಕೆ ಬ್ರಷ್ಷಿನಲ್ಲಿ ಬಳಿದರೆ ಕೆಲವೇ ಮಿಲಿಮೀಟರ್ ಒಳಗೆ ಹೋಗುತ್ತದೆ. ಬಡಗಿ ಅಳತೆಗೆ ಕತ್ತರಿಸಿದ ಮೇಲೆ ತುದಿಗಳಿಗೆ ಮತ್ತೆ ಮದ್ದು ಬೇಕು. ನೆಲಕ್ಕೆ ತಾಗುವ ಕಾಲುಗಳನ್ನು ಕೆಲವು ಗಂಟೆ ಬಕೆಟ್ಟಿನಲ್ಲಿ ನಿಲ್ಲಿಸಿ; ಮರ ನೀರು ಕುಡಿಯುವುದು ತುದಿಯಿಂದಲೇ, ಗೆದ್ದಲು ಮೊದಲು ಹತ್ತುವುದೂ ಅಲ್ಲಿಂದಲೇ.

ತೇಗದ ಚೇಗು ಗೆದ್ದಲನ್ನು ತಕ್ಕಮಟ್ಟಿಗೆ ತಾನೇ ತಡೆಯುತ್ತದೆ. ಸಿಲ್ವರ್ ಓಕ್, ಹೆಬ್ಬೇವಿಗೆ ಆ ಶಕ್ತಿ ಇಲ್ಲ. ನ್ಯೂಜಿಲೆಂಡ್‌ನಲ್ಲಿ 1950ರ ದಶಕದಿಂದಲೂ ಮನೆಗೆ ಬಳಸುವ ಪೈನ್ ಮರವನ್ನು ಹೀಗೆ ಬೋರಾನ್ ಉಪ್ಪು ಇಳಿಸಿಯೇ ಕೊರೆಯುವ ಹುಳದಿಂದ ಕಾಪಾಡಿಕೊಂಡರು. ಹೆಚ್ಚು ಮರ ಇದ್ದರೆ, ಒತ್ತಡದ ಟ್ಯಾಂಕಿನಲ್ಲಿ ಮದ್ದು ತುಂಬಿಸುವ ಬಗ್ಗೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮದು ನೇಕಾರರ ಹಳೇ ಮನೆ. ಮಗ್ಗದ ಕೋಣೆಯ ಬಾಗಿಲ ಚೌಕಟ್ಟು ಬುಡದಲ್ಲಿ ಟೊಳ್ಳಾಗಿದೆ. ಬೋರಾಕ್ಸ್ ನೀರು ಸ್ಪ್ರೇ ಮಾಡಿದೆವು, ಎರಡೇ ತಿಂಗಳಿಗೆ ಮತ್ತೆ ಮಣ್ಣಿನ ಗೆರೆ ಬಂತು. ಜಕಾರ್ಡ್ ಕಾರ್ಡುಗಳಿಗೂ ಹಿಡಿಯುತ್ತದೇನೋ ಅಂತ ಭಯ.
— ನೇಕಾರರು, ದೊಡ್ಡಬಳ್ಳಾಪುರ

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಜಕಾರ್ಡ್ ಕಾರ್ಡು ರಟ್ಟಿನದು, ಗೆದ್ದಲಿಗೆ ಮರಕ್ಕಿಂತ ಮೆತ್ತನೆಯ ಊಟ. ಇವತ್ತೇ ಅವನ್ನು ಗೋಡೆಯಿಂದ ದೂರ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತಿಡಿ.

ಮದ್ದು ಏಕೆ ಹಿಡಿಯಲಿಲ್ಲ? ಒಂದು ಚಾಕುವಿನ ತುದಿಯಿಂದ ಚೌಕಟ್ಟಿನ ಬುಡ ಒತ್ತಿ ನೋಡಿ. ಮೇಲೆ ಕಾಗದದಷ್ಟು ತೆಳ್ಳಗೆ ಪೇಂಟು, ಅದರ ಹಿಂದೆ ಮರದ ಜಾಗದಲ್ಲಿ ಮಣ್ಣು. ನೀವು ಹೊಡೆದ ನೀರು ಪೇಂಟಿನ ಮೇಲೆ ಜಾರಿ ಹೋಗಿದೆ. ಬೋರಾಕ್ಸ್ ಹೊಟ್ಟೆಗೆ ಹೋದರೆ ಮಾತ್ರ ಹುಳ ಸಾಯುತ್ತದೆ. ಮುಟ್ಟಿದರೆ ಸಾಯುವುದಿಲ್ಲ, ವಾಸನೆಗೆ ಓಡಿ ಹೋಗುವುದೂ ಇಲ್ಲ. ಮದ್ದಿರುವ ಮರವನ್ನು ಬಿಟ್ಟು, ಅದರ ಮೇಲೆಯೇ ಮಣ್ಣಿನ ಕೊಳವೆ ಕಟ್ಟಿಕೊಂಡು ಗೆದ್ದಲು ಮೇಲಿನ ಅಟ್ಟದವರೆಗೂ ಹೋಗಬಲ್ಲದು. ಅದರ ಗೂಡು ನಿಮ್ಮ ಚೌಕಟ್ಟಿನಲ್ಲಿ ಇಲ್ಲ, ನೆಲದೊಳಗಿದೆ.

ಮೊದಲು ತೇವ ಹುಡುಕಿ: ಸೋರುವ ನಲ್ಲಿ, ಗೋಡೆಗೆ ಒರಗಿಸಿದ ಸೌದೆ, ಬಚ್ಚಲ ನೀರು. ಆಮೇಲೆ ಮಣ್ಣಿಗೆ ಮದ್ದು. ಕಟ್ಟಿದ ಮನೆಗಳಿಗೆಂದೇ ಭಾರತೀಯ ಮಾನಕ 6313ರ 3ನೇ ಭಾಗ ಇದೆ. ಗೋಡೆ ನೆಲ ಸೇರುವಲ್ಲಿ ಸುಮಾರು ಒಂದು ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು ಇಮಿಡಾಕ್ಲೋಪ್ರಿಡ್‌ನಂಥ ಗೆದ್ದಲುನಾಶಕ ಇಳಿಸುತ್ತಾರೆ. ಇದನ್ನು ಪರವಾನಗಿ ಇರುವವರಿಂದಲೇ ಮಾಡಿಸಿ. ಬಾವಿ, ಬೋರ್‌ವೆಲ್ ಎಲ್ಲಿದೆ ಅಂತ ಮೊದಲೇ ತೋರಿಸಿ. ಟೊಳ್ಳಾದ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಮದ್ದು ಕುಡಿಸಿದ ತುಂಡು ಕೂರಿಸಿ. ಉಳಿದ ಕಡೆ ಪೇಂಟು ಕೆರೆದು, ಬೋರಾಕ್ಸ್ ದ್ರಾವಣವನ್ನು ಎರಡು ಸಲ ಬಳಿದು, ಪೂರ್ತಿ ಒಣಗಿದ ಮೇಲೆ ಮತ್ತೆ ಪೇಂಟು ಹೊಡೆಯಿರಿ. ವೇಸ್ಟ್ ಆಯಿಲ್, ಸೀಮೆಎಣ್ಣೆ ಬೇಡ. ನೂಲಿರುವ ಕೋಣೆಯಲ್ಲಿ ಬೆಂಕಿಯ ಭಯವೇ ದೊಡ್ಡದು.

ಪ್ರಶ್ನೆ: ರೇಷ್ಮೆ ಹುಳು ಸಾಕುವ ಮನೆಯ ಜಂತೆಗೂ, ಬಿದಿರಿನ ಚಂದ್ರಿಕೆಗೂ ಗೆದ್ದಲು ಹತ್ತಿದೆ. ಬೋರಾಕ್ಸ್ ಬಳಸಬಹುದೇ?
— ರೇಷ್ಮೆ ಬೆಳೆಗಾರರು, ವಿಜಯಪುರ, ದೇವನಹಳ್ಳಿ ತಾಲ್ಲೂಕು

ಉತ್ತರ: ಚಂದ್ರಿಕೆಗೆ, ತಟ್ಟೆಗೆ, ಸೊಪ್ಪು ತಾಗುವ ಯಾವುದಕ್ಕೂ ಖಂಡಿತ ಬೇಡ. ಗೆದ್ದಲನ್ನು ಕೊಲ್ಲುವ ಮದ್ದು ರೇಷ್ಮೆ ಹುಳುವಿನ ಹೊಟ್ಟೆಗೂ ಮದ್ದಲ್ಲ, ವಿಷ. ಕೆಟ್ಟ ಚಂದ್ರಿಕೆ ಸುಟ್ಟುಹಾಕಿ, ಉಳಿದವನ್ನು ಬಿಸಿಲಲ್ಲಿ ಒಣಗಿಸಿ, ನೆಲದಿಂದ ಎತ್ತರದಲ್ಲಿ ತೂಗುಹಾಕಿ. ಜಂತೆಗೆ ಮಾತ್ರ, ಅದೂ ಒಂದು ಬೆಳೆ ಮುಗಿದು ಮನೆ ಪೂರ್ತಿ ಖಾಲಿಯಾದಾಗ ಬಳಿದು, ಒಣಗಿಸಿ, ಮೇಲೆ ಪೇಂಟು ಹೊಡೆದು, ನೆಲ ತೊಳೆದ ಮೇಲೆಯೇ ಮುಂದಿನ ಚಾಕಿ ತನ್ನಿ. ಮಣ್ಣಿನ ಮದ್ದಿಗೆ ಮುನ್ನ ರೇಷ್ಮೆ ಇಲಾಖೆಯವರನ್ನು ಕೇಳದೆ ಹೆಜ್ಜೆ ಇಡಬೇಡಿ. ಒಂದು ಬೆಳೆ ಹೋದರೆ ಜಂತೆಯ ಬೆಲೆಗಿಂತ ಹೆಚ್ಚು ಹೋದಂತೆ.

ಪ್ರಶ್ನೆ: ಹೊಸ ಹೊಸಿಲಿಗೆ ಬೋರಾಕ್ಸ್ ಹಾಕಿಸಿದ್ದೇವೆ. ದಿನಾ ತೊಳೆದು ಅರಿಶಿನ ಕುಂಕುಮ ಇಡುತ್ತೇನೆ. ಅಂಬೆಗಾಲಿಡುವ ಮೊಮ್ಮಗು ಇದೆ. ತೊಂದರೆ ಇಲ್ಲವೇ? ಹಿತ್ತಲಲ್ಲಿ ಒಂದು ಹುತ್ತವೂ ಇದೆ, ಕೀಳಬಾರದು ಅಂತಾರೆ ಅತ್ತೆ.
— ಗೃಹಿಣಿ, ಹೊಸಕೋಟೆ

ಉತ್ತರ: ಎರಡೂ ಒಳ್ಳೆಯ ಪ್ರಶ್ನೆ ತಾಯಿ. ಬೋರಾಕ್ಸ್ ನೀರಿನಲ್ಲಿ ಕರಗುವ ಉಪ್ಪು. ಹೇಗೆ ಒಳಗೆ ಹೋಯಿತೋ ಹಾಗೆಯೇ ನೀರಿನ ಜೊತೆ ಹೊರಗೂ ಬರುತ್ತದೆ. ಬರಿ ಮರದ ಹೊಸಿಲನ್ನು ದಿನಾ ತೊಳೆದರೆ ಕಾಲಕ್ರಮೇಣ ಮದ್ದು ನೀರುಪಾಲು. ಮಳೆಗೆ ನೆನೆಯುವ ಬೇಲಿ ಕಂಬಕ್ಕೂ ಇದೇ ಕಾರಣಕ್ಕೆ ಇದು ಹೊಂದುವುದಿಲ್ಲ. ಹೊಸಿಲು ಚೆನ್ನಾಗಿ ಒಣಗಿದ ದಿನ ಎರಡು ಕೋಟ್ ವಾರ್ನಿಷ್ ಹೊಡೆಸಿ. ಮದ್ದು ಒಳಗೇ ನಿಲ್ಲುತ್ತದೆ, ಮಗುವಿನ ಕೈಗೂ ತಾಗುವುದಿಲ್ಲ. ವಾರ್ನಿಷ್ ಸವೆದಲ್ಲಿ ಮತ್ತೆ ಹೊಡೆಸಿ. ತೊಳೆಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಅರಿಶಿನ ಇಟ್ಟರೂ ಪೂಜೆಗೆ ಕೊರತೆಯಿಲ್ಲ.

ಉಳಿದ ಪುಡಿ ಸಕ್ಕರೆಯಂತೆ, ಉಪ್ಪಿನಂತೆ ಕಾಣುತ್ತದೆ. ಅಡುಗೆಮನೆಯಲ್ಲಿ ಇಡಲೇಬೇಡಿ, ಹೆಸರು ಬರೆದು ಮಗುವಿಗೆ ಎಟುಕದ ಕಡೆ ಬೀಗ ಹಾಕಿಡಿ. ಬಳಿಯುವವರು ಗ್ಲೌಸ್ ಹಾಕಿಕೊಳ್ಳಲಿ. ಮಿಕ್ಕ ನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ, ಬೋರಾನ್ ಹೆಚ್ಚಾದರೆ ಗಿಡ ಸುಡುತ್ತದೆ.

ಹುತ್ತದ ವಿಷಯದಲ್ಲಿ ನಿಮ್ಮ ಅತ್ತೆಯ ಮಾತಿಗೆ ನನ್ನ ಮನಸ್ಸೂ ಒಪ್ಪುತ್ತದೆ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿಬರುವ ನಮ್ಮ ಸೀಮೆಯಲ್ಲಿ ಹುತ್ತಕ್ಕೆ ಹಾಲೆರೆಯುವವರೇ ಹೆಚ್ಚು. ಹುತ್ತ ಕಟ್ಟುವ ಗೆದ್ದಲು ಒಣಗಿದ ಎಲೆ, ಕಡ್ಡಿ ಹೊತ್ತು ತಂದು ಒಳಗೆ ಅಣಬೆ ಬೆಳೆಸಿಕೊಂಡು ಬದುಕುತ್ತದೆ. ಕಸವನ್ನು ಮಣ್ಣಿಗೆ ಸೇರಿಸುವ ಕೆಲಸ ಅದರದು. ಮೇಲಿನ ಗುಡ್ಡೆ ಒಡೆದರೂ ನೆಲದೊಳಗಿನ ರಾಣಿ ಇರುವವರೆಗೆ ಅದು ಮತ್ತೆ ಏಳುತ್ತದೆ. ಹುತ್ತ ಅಲ್ಲೇ ಇರಲಿ. ಹುತ್ತಕ್ಕೂ ಮನೆಗೂ ನಡುವೆ ಸೌದೆ, ರಟ್ಟು, ತರಗು ಬೀಳದಂತೆ ನೋಡಿಕೊಳ್ಳಿ, ಮನೆಯ ಪಾಯದ ಸುತ್ತ ಒಂದು ಮೊಳ ಅಗಲ ಬರಿ ನೆಲ ಬಿಡಿ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಈಸಲು ಮುತ್ತುತ್ತದಲ್ಲ, ಮಾರನೆಯ ಬೆಳಿಗ್ಗೆ ಟಾರ್ಚ್ ಹಿಡಿದು ಪಾಯದ ಸುತ್ತ ಒಂದು ಸುತ್ತು ಬನ್ನಿ. ಬೆರಳಗಲದ ಮಣ್ಣಿನ ಗೆರೆ ಗೋಡೆ ಹತ್ತುತ್ತಿರುವುದು ಕಂಡರೆ ಕೆರೆದು, ಗುರುತು ಹಾಕಿ, ವಾರದ ನಂತರ ಮತ್ತೆ ನೋಡಿ. ಅದೇ ಜಾಗದಲ್ಲಿ ಗೆರೆ ಮತ್ತೆ ಎದ್ದಿದ್ದರೆ ಮಣ್ಣಿನ ಮದ್ದು ಮಾಡುವವರನ್ನು ಆಗಲೇ ಕರೆಸಿ.