ದೇವದುರ್ಗದ ಬಿಸಿಲಲ್ಲಿ ಟ್ರಿಗರ್ ಮೀನು

ನೀವು ಆಸೆಪಟ್ಟಿರುವ ಕ್ಲೌನ್ ಟ್ರಿಗರ್ ನೋಡಲು ಚಂದ, ಹಲ್ಲು ಮಾತ್ರ ಇಕ್ಕಳ. ಸೀಗಡಿ, ಏಡಿ ಯಾವುದನ್ನೂ ಉಳಿಸದು. ಸಾಕಲೇಬೇಕೆಂದರೆ ಕೆಂಪುಹಲ್ಲಿನ ಟ್ರಿಗರ್ ವಾಸಿ. ಮಲ್ಪೆ, ಮಂಗಳೂರಿನ ಬೋಟಿನವರು 'ಕಾರ್ಗಿಲ್ ಮೀನು' ಎಂದು ಗೊಣಗುತ್ತ ಫಿಶ್‌ಮೀಲ್‌ಗೆ ಕಳಿಸುವುದು ಇದನ್ನೇ! ಆದರೂ ಒಂದೂವರೆ ಅಡಿ ಬೆಳೆಯಬಲ್ಲದು. 500 ಲೀಟರಿಗಿಂತ ಚಿಕ್ಕ ತೊಟ್ಟಿ ಬೇಡ. ಬೋರ್‌ವೆಲ್ ನೀರು ಬಿಟ್ಟು ಆರ್‌ಒ ನೀರಿಗೇ ಸಮುದ್ರ ಅಕ್ವೇರಿಯಂನ ಉಪ್ಪಿನ ಮಿಶ್ರಣ (ಮರೀನ್ ಸಾಲ್ಟ್) ಬೆರೆಸಿ.

ನನ್ನ ಚಿಂತೆಯೆಲ್ಲ ಮೇ ತಿಂಗಳದ್ದು. ನಿಮ್ಮಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ತೊಟ್ಟಿಯ ನೀರು 26ರ ಆಸುಪಾಸಿರಬೇಕು. ಚಿಲ್ಲರ್ ಬೇಕು, ಕರೆಂಟ್ ಹೋದಾಗ ಗಾಳಿ ಪಂಪಿಗೆ ಬ್ಯಾಟರಿ ಬೇಕು. ಅಷ್ಟು ದುಡ್ಡಿಲ್ಲದಿದ್ದರೆ ಈ ವರ್ಷ ತಡೆಯಿರಿ.

ಇನ್ನು ಹವಳ. ಕಲ್ಲುಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅಂಗಡಿಯವರು 'ಏನೂ ಆಗಲ್ಲ ಸರ್' ಅಂದರೂ ಕೊಳ್ಳಬೇಡಿ. ಒಣ ಬಂಡೆಗಳನ್ನೇ ಜೋಡಿಸಿ.