ಉಪ್ಪಿಟ್ಟೂ ‘ಅನ್‌ಬೇರಬಲ್’ ಆದರೆ

ಪ್ರಶ್ನೆ: ನಾವು ದಾವಣಗೆರೆಯವರು. ಎರಡು ವರ್ಷದಿಂದ ಚೆನ್ನೈನ ಪಶ್ಚಿಮ ಮಾಂಬಲದಲ್ಲಿದ್ದೇವೆ. ಒಂಬತ್ತನೇ ತರಗತಿಯ ಮಗಳ ಬಾಯಲ್ಲಿ ಈಗ ಒಂದೇ ಪದ, ‘ಅನ್‌ಬೇರಬಲ್’. ಬಿಸಿಲು ಅನ್‌ಬೇರಬಲ್, ಉಪ್ಪಿಟ್ಟು ಅನ್‌ಬೇರಬಲ್, ಮೊನ್ನೆ ಅಜ್ಜಿಯ ಗೊರಕೆಯೂ ಅನ್‌ಬೇರಬಲ್ ಆಯಿತು. ಅವತ್ತಿನಿಂದ ಅತ್ತೆ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಾರೆ. ಇದು ಬರೀ ಮಾತಿನ ಚಟವೇ, ಮನಸ್ಸಿಗೇನಾದರೂ ಆಗಿದೆಯೇ?
– ಒಬ್ಬ ತಾಯಿ, ಚೆನ್ನೈ

ಉತ್ತರ: ಬಿಸಿಲಿನ ಮಟ್ಟಿಗೆ ನಾನು ನಿಮ್ಮ ಮಗಳ ಪಕ್ಷ. ದಾವಣಗೆರೆಯದು ಧಗೆ, ನೆರಳಿಗೆ ಬಂದರೆ ಬೆವರು ಆರುತ್ತದೆ. ಚೆನ್ನೈಯದು ಸೆಕೆ. ಗಾಳಿಯಲ್ಲೇ ಪಸೆ ತುಂಬಿರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ತಮಿಳರು ‘ಕತ್ತಿರಿ’ ಎನ್ನುವ ಮೇ ತಿಂಗಳ ಕಡುಬಿಸಿಲಿನಲ್ಲಿ ಮಧ್ಯಾಹ್ನದ ಕಡಲಗಾಳಿ ತಡವಾಯಿತೋ, ಊರಿಗೆ ಊರೇ ‘ತಾಂಗ ಮುಡಿಯಲೆ’ (ತಡೆಯೋಕಾಗ್ತಿಲ್ಲ) ಎಂದು ಚಡಪಡಿಸುತ್ತದೆ. 2003ರ ಮೇ 31ರಂದು ಚೆನ್ನೈನಲ್ಲಿ 45 ಡಿಗ್ರಿ ದಾಖಲಾಗಿತ್ತು. ಅಂಥ ದಿನಕ್ಕೆ ಆ ಪದ ಸಲ್ಲುತ್ತದೆ.

ಉಪ್ಪಿಟ್ಟಿಗೆ ಸಲ್ಲುವುದಿಲ್ಲ. (ನನಗೂ ಅದು ಅಷ್ಟಕ್ಕಷ್ಟೆ, ಆದರೂ.) ಇಂಗ್ಲಿಷಿನ ‘ಬೇರ್’ ಎಂದರೆ ಹೊರುವುದು. ಹೊರಲಾಗದ ಹಂತಕ್ಕೆ ಮುಂಚೆ ನಮ್ಮಲ್ಲಿ ಎಷ್ಟೊಂದು ಮೆಟ್ಟಿಲುಗಳಿವೆ: ಬೇಜಾರು, ಕಿರಿಕಿರಿ, ರೇಜಿಗೆ, ತಲೆಚಿಟ್ಟು. ಉಪ್ಪಿಟ್ಟು ಬೇಜಾರು, ಗೊರಕೆ ಕಿರಿಕಿರಿ. ಎಲ್ಲವನ್ನೂ ಒಯ್ದು ಕೊನೆಯ ಮೆಟ್ಟಿಲ ಮೇಲಿಟ್ಟರೆ, ನಿಜವಾಗಿ ತಡೆಯಲಾಗದ್ದು ಬಂದ ದಿನ ಅವಳು ಅದೇ ಪದ ಹೇಳುತ್ತಾಳೆ, ನೀವು ‘ಹೂಂ, ಇದ್ದದ್ದೇ’ ಎಂದು ಒಗ್ಗರಣೆ ಹಾಕುತ್ತಿರುತ್ತೀರಿ.

ಹಾಗಂತ ಕನ್ನಡ ಪಾಠ ಶುರುಮಾಡಬೇಡಿ. ‘ತಾಳಿದವನು ಬಾಳಿಯಾನು’ ಅಂತೂ ಬೇಡವೇ ಬೇಡ. ಇನ್ನೊಮ್ಮೆ ಆ ಪದ ಬಂದಾಗ ‘ಏನು ತಡೆಯೋಕಾಗ್ತಿಲ್ಲ, ಹೇಳು’ ಎಂದು ಕೇಳಿ ಸುಮ್ಮನೆ ಕಾಯಿರಿ. ‘ಉಪ್ಪು ಜಾಸ್ತಿ’ ಎಂದರೆ ನೆಮ್ಮದಿ. ‘ಸ್ಕೂಲಲ್ಲಿ ನಾನು ತಮಿಳು ಮಾತಾಡಿದ್ರೆ ನಗ್ತಾರೆ’ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತು ಕೇಳಿ. ಊರಲ್ಲಿ ಬಿಟ್ಟುಬಂದ ಗೆಳತಿಯರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ, ಗಮನಿಸಿದಿರಾ?

ನಿದ್ದೆ, ಊಟ ಎರಡು ವಾರ ಕೆಟ್ಟಿದ್ದರೆ ಮನೋವೈದ್ಯರಿಗೆ ತೋರಿಸಿ. ‘ಬದುಕೇ ಅನ್‌ಬೇರಬಲ್’ ಎಂದಳೆಂದರೆ ಎರಡು ವಾರವಿರಲಿ, ಎರಡು ಗಂಟೆಯೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು.

ಅತ್ತೆಯವರ ಚಾಪೆ ಇವತ್ತೇ ಒಳಗೆ ಬರಲಿ. ಮೊಮ್ಮಗಳೇ ಹೋಗಿ ಕರೆಯಲಿ. ‘ಅಜ್ಜಿ, ನಿನ್ನ ಗೊರಕೆ ಸಿಕ್ಕಾಪಟ್ಟೆ ಜೋರು’ ಎಂದು ಹೇಳಿಯೇ ಕರೆಯಲಿ.